ಮನೆ ಆಡಿಯೋ ಸಿಸ್ಟಮ್‌ಗೆ ಪವರ್ ಕಂಡೀಷನರ್ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಆಂಪ್ಲಿಫೈಯರ್ ತಗೊಂಡವರು ಮೊದಲ ವಾರ ಹಾಡು ಕೇಳುತ್ತಾರೆ, ಎರಡನೇ ವಾರ ಕರೆಂಟಿನ ಚಿಂತೆ ಶುರು. ಫೋನ್ ಮಾಡಿ ಕೇಳಿದ್ದಾರೆ, ಪತ್ರ ಬರೆದು ಕೇಳಿದ್ದಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಬಿಟ್ಟಿಲ್ಲ. ಹೇಳಿದ್ದನ್ನೇ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ನಾನು ಕಂಡೀಷನರ್ ಮಾರುವವನಲ್ಲ, ಹಳೇ ಆಂಪ್‌ಗಳನ್ನು ಬಿಚ್ಚಿ ಕೂರುವ ಚಟದವನು ಅಷ್ಟೇ.

## ಮೊದಲಿಗೆ ಗೊತ್ತಿರಬೇಕಾದ್ದು

ಪವರ್ ಕಂಡೀಷನರ್ ಅಂದ್ರೆ ಏನ್ ಸಾರ್? ಸ್ಟೆಬಿಲೈಜರ್‌ಗೇ ಇಟ್ಟಿರೋ ದುಬಾರಿ ಹೆಸರಾ?

ಆ ಹೆಸರಿಗೆ ಇದೇ ಅರ್ಥ ಅಂತ ಕಟ್ಟುನಿಟ್ಟಿಲ್ಲ, ತೊಂದರೆ ಇರುವುದೇ ಅಲ್ಲಿ. ಬೇರೆ ಬೇರೆ ಕೆಲಸ ಮಾಡುವ ಡಬ್ಬಗಳೆಲ್ಲ ಇದೇ ಹೆಸರಲ್ಲಿ ಮಾರಾಟ ಆಗುತ್ತವೆ. ಸಿಡಿಲು, ಸ್ವಿಚಿಂಗ್‌ನಿಂದ ಬರುವ ಒಂದು ಕ್ಷಣದ ಏಟನ್ನು ತಡೆಯುವುದು ಸರ್ಜ್ ಪ್ರೊಟೆಕ್ಟರ್. ಲೈನಿನಲ್ಲಿ ಹರಿದು ಬರುವ ಕೊರಕೊರ ಗಲಾಟೆಯನ್ನು ಸೋಸುವುದು ಫಿಲ್ಟರ್. ವೋಲ್ಟೇಜ್ ಏರಿದರೆ ಇಳಿಸಿ, ಇಳಿದರೆ ಏರಿಸಿ ಕೊಡುವುದು ಸ್ಟೆಬಿಲೈಜರ್. ಬೀದಿಯ ಲೈನಿಗೂ ನಿಮ್ಮ ಸಿಸ್ಟಮ್‌ಗೂ ನೇರ ತಂತಿ ಸಂಪರ್ಕ ಇಲ್ಲದ ಹಾಗೆ ಮಾಡುವುದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಬಂದ ಕರೆಂಟನ್ನು ಡಿಸಿ ಮಾಡಿ, ಮತ್ತೆ ಹೊಸದಾಗಿ ಎಸಿ ತಯಾರಿಸಿ ಕೊಡುವುದು ರೀಜನರೇಟರ್.

"ಒಳ್ಳೆ ಕಂಡೀಷನರ್ ಕೊಡಿ" ಅನ್ನುವುದು ಮೆಡಿಕಲ್ ಶಾಪಿಗೆ ಹೋಗಿ "ಒಂದು ಒಳ್ಳೆ ಮಾತ್ರೆ ಕೊಡಿ" ಅಂದ ಹಾಗೆ. ಆಡಿಯೋಗೆಂದೇ ಬರುವ ಎಷ್ಟೋ ದುಬಾರಿ ಕಂಡೀಷನರ್‌ಗಳಲ್ಲಿ ಸರ್ಜ್ ಮತ್ತು ಫಿಲ್ಟರ್ ಎರಡೇ ಇರುತ್ತವೆ. ಒಳಗೆ 180 ವೋಲ್ಟ್ ಹೋದರೆ ಹೊರಗೂ 180 ಬರುತ್ತದೆ. ಮುಂದೆ ಚೆಂದದ ನೀಲಿ ಡಿಸ್‌ಪ್ಲೇ ಇರುತ್ತದೆ, "180" ಅಂತ ತೋರಿಸಿ ಸುಮ್ಮನಾಗುತ್ತದೆ.

ನಮ್ಮ ಮನೆಗೆ ಬೇಕಾ ಬೇಡ್ವಾ, ಒಂದೇ ಮಾತಲ್ಲಿ ಹೇಳಿ.

ಒಂದು ಮಾತಲ್ಲಿ ಆಗಲ್ಲ, ಒಂದು ವಾರದಲ್ಲಿ ಆಗುತ್ತದೆ. ಡಿಜಿಟಲ್ ಮಲ್ಟಿಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಸಿಸ್ಟಮ್ ಇಡುವ ಪ್ಲಗ್ ಪಾಯಿಂಟ್‌ನಲ್ಲೇ ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ, ಸಂಜೆ ಏಳೂವರೆಗೆ, ಮಲಗುವ ಮುಂಚೆ ವೋಲ್ಟೇಜ್ ನೋಡಿ ಬರೆದಿಡಿ. ಗೋಡೆ ಪಾಯಿಂಟ್‌ಗೆ ಮೀಟರ್ ಕಡ್ಡಿ ಹಾಕಲು ಹೆದರಿಕೆ ಆದರೆ ಪ್ಲಗ್‌ಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರ್ ಇದೆ, ಅದೇ ಸಾಕು. ನಮ್ಮ ಮನೆಯ ಪಟ್ಟಿ ಇನ್ನೂ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದೆ: ಬೆಳಿಗ್ಗೆ 236, ಮಧ್ಯಾಹ್ನ 229, ಸಂಜೆ 217, ಮಧ್ಯರಾತ್ರಿ ದಾಟಿದ ಮೇಲೆ 246.

ನಮ್ಮಲ್ಲಿ ಲೆಕ್ಕದ ವೋಲ್ಟೇಜ್ 230. ವಾರವಿಡೀ ಹೆಚ್ಚುಕಡಿಮೆ 215ರಿಂದ 245ರ ಒಳಗೇ ಓಡಾಡಿದರೆ ಸ್ಟೆಬಿಲೈಜರ್ ಮರೆತುಬಿಡಿ. ಸರ್ಜ್ ರಕ್ಷಣೆ ಮತ್ತು ಅರ್ಥಿಂಗ್ ನೋಡಿಕೊಂಡರೆ ಆಯ್ತು. 200ಕ್ಕಿಂತ ಕೆಳಗೆ ಅಥವಾ 250ಕ್ಕಿಂತ ಮೇಲೆ ದಿನವೂ ಹೋಗುತ್ತಿದ್ದರೆ ಮುಂದೆ ಓದಿ.

ಇದನ್ನ ಹಾಕಿದ್ರೆ ಹಾಡು ಇನ್ನೂ ಚೆನ್ನಾಗಿ ಕೇಳುತ್ತಾ? ಅಂಗಡಿಯವರು "ಪರದೆ ಸರಿಸಿದ ಹಾಗೆ" ಅಂದ್ರು.

ಪರದೆ ಮೊದಲೇ ಇದ್ದರೆ ಸರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆಂಪ್ ಒಳಗೆ ನೋಡಿದ್ದರೆ ಗೊತ್ತಿರುತ್ತದೆ. ಮೊದಲು ಟ್ರಾನ್ಸ್‌ಫಾರ್ಮರ್, ಆಮೇಲೆ ರೆಕ್ಟಿಫೈಯರ್, ಆಮೇಲೆ ಟೀ ಲೋಟದಷ್ಟು ದಪ್ಪದ ಎರಡು ಕೆಪಾಸಿಟರ್. ಗೋಡೆಯಿಂದ ಬಂದ ಎಸಿ ಅಲ್ಲಿಗೆ ಡಿಸಿ ಆಗಿ ತುಂಬಿಕೊಳ್ಳುತ್ತದೆ, ಸ್ಪೀಕರ್‌ಗೆ ಹೋಗುವುದು ಆ ತೊಟ್ಟಿಯ ನೀರು. ಸರಿಯಾಗಿ ಕಟ್ಟಿದ ಆಂಪ್ ತನ್ನ ಕಂಡೀಷನಿಂಗ್ ತಾನೇ ಮಾಡಿಕೊಳ್ಳುತ್ತದೆ.

ಸ್ಪೀಕರ್‌ನಲ್ಲಿ ಕೊರಕೊರ, ಟಿಕ್ ಟಿಕ್ ಅಂತ ಕಿವಿಗೆ ಕೇಳುವ ತೊಂದರೆ ಇದ್ದು, ಅದು ಲೈನಿನಿಂದಲೇ ಬರುತ್ತಿದ್ದರೆ ಫಿಲ್ಟರ್ ಅದನ್ನು ಕಡಿಮೆ ಮಾಡುತ್ತದೆ. ಇನ್ನು ತಂಬೂರಿಯ ನಾದ ಹಿಗ್ಗಿತು, ಗಾಯಕಿ ಎದುರಿಗೆ ಬಂದು ಕೂತರು ಅನ್ನುವ ವಿವರಣೆಗಳ ವಿಷಯ. ಮನೆಯವರ ಕೈಲಿ ಡಬ್ಬವನ್ನು ಒಮ್ಮೆ ಹಾಕಿಸಿ ಒಮ್ಮೆ ತೆಗೆಸಿ, ಯಾವಾಗ ಇದೆ ಅಂತ ನೋಡದೆ ಹತ್ತು ಸಲ ಹೇಳಿ ನೋಡಿ. ನಾನು ಹತ್ತಕ್ಕೆ ಐದು ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಈ ಡಬ್ಬವನ್ನು ರಕ್ಷಣೆಗೆ ಕೊಳ್ಳಿ, ನಾದಕ್ಕೆ ದುಡ್ಡಿದ್ದರೆ ಸ್ಪೀಕರ್‌ಗೆ ಹಾಕಿ.

ಎಂಟುನೂರು ರೂಪಾಯಿ ಸ್ಪೈಕ್ ಗಾರ್ಡ್ ಇದೆ, ಅದು ಸಾಕಲ್ವಾ?

ಅದರ ಒಳಗೆ ಏನಿದೆ ಅನ್ನುವುದರ ಮೇಲೆ. ಹಾಳಾದ ಒಂದು ಸ್ಪೈಕ್ ಗಾರ್ಡ್ ಬಿಚ್ಚಿ ನೋಡಿ (ಪ್ಲಗ್ ಕಿತ್ತ ಮೇಲೆ, ಮತ್ತೆ). ಒಂದು ರೂಪಾಯಿ ನಾಣ್ಯದಷ್ಟಗಲದ ನೀಲಿ ಬಿಲ್ಲೆ ಕಾಣಬೇಕು. ಅದು ಎಂಒವಿ. ಮಾಮೂಲಿ ವೋಲ್ಟೇಜಿನಲ್ಲಿ ಸುಮ್ನೆ ಕೂತಿರುತ್ತದೆ, ವೋಲ್ಟೇಜ್ ಸಿಕ್ಕಾಪಟ್ಟೆ ಏರಿದ ಕ್ಷಣ ತಾನೇ ದಾರಿ ಬಿಟ್ಟು ಆ ಏಟನ್ನು ನುಂಗುತ್ತದೆ. ಬಿಲ್ಲೆಯ ಮೇಲೆ 20ಡಿ431 ಥರ ಬರೆದಿರುತ್ತದೆ. 20 ಅಂದರೆ 20 ಮಿಲಿಮೀಟರ್ ಅಗಲ, 431 ಅಂದರೆ ಸುಮಾರು 430 ವೋಲ್ಟ್ ಡಿಸಿಗೆ ಬಾಯಿ ಬಿಡಲು ಶುರು, ಎಸಿಯಲ್ಲಿ ಅದು 275ರ ಬಿಲ್ಲೆ. 7 ಮಿಲಿಮೀಟರ್‌ನ ಒಂದೇ ಒಂದು ಬಿಲ್ಲೆ ಹಾಕಿದವರೂ ಇದ್ದಾರೆ. ಏನೂ ಹಾಕದೆ ಬರೀ ಸ್ವಿಚ್ಚು, ಕೆಂಪು ದೀಪ ಕೊಟ್ಟು ಸ್ಪೈಕ್ ಗಾರ್ಡ್ ಅಂತ ಹೆಸರಿಟ್ಟವರೂ ಇದ್ದಾರೆ.

ಇನ್ನೊಂದು ವಿಷಯ, ಎಂಒವಿ ಸವೆಯುತ್ತದೆ. ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಆಯಸ್ಸು ಕಳಕೊಳ್ಳುತ್ತದೆ, ಒಂದು ದಿನ ಸದ್ದಿಲ್ಲದೆ ಸಾಯುತ್ತದೆ. ಆಗಲೂ ಪ್ಲಗ್‌ನಲ್ಲಿ ಕರೆಂಟ್ ಬರುತ್ತಲೇ ಇರುತ್ತದೆ. ಅದಕ್ಕೇ "ಪ್ರೊಟೆಕ್ಷನ್ ಇದೆ" ಅಂತ ಬೇರೆಯದೇ ದೀಪ ಇರುವುದನ್ನು ತಗೊಳ್ಳಿ. ದೀಪಾವಳಿಗೆ ಮನೆಗೆ ಸುಣ್ಣ ಬಳಿದ ಹಾಗೆ, ಸಿಡಿಲು ಜಾಸ್ತಿ ಇರುವ ಊರಾದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸಿದರೂ ನಷ್ಟ ಇಲ್ಲ.

ಎಲೆಕ್ಟ್ರಿಷಿಯನ್ "ಅರ್ಥಿಂಗ್ ಪಕ್ಕಾ ಇದೆ" ಅಂತ ಹೇಳಿ ಹೋದ್ರು. ನಂಬ್ಲಾ?

ಅವರು ಬರೀ ಟೆಸ್ಟರ್ ಇಟ್ಟು ನೋಡಿದ್ದರೆ ನಂಬಬೇಡಿ. ಟೆಸ್ಟರ್ ಫೇಸ್ ಇದೆಯಾ ಅಂತ ಮಾತ್ರ ಹೇಳುತ್ತದೆ, ಅರ್ಥ್ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಮೀಟರ್‌ನಲ್ಲಿ ನೋಡಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ಇದ್ದರೆ ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಒಳಗೆ ಇದ್ದರೆ ಚೆನ್ನ. ಅಲ್ಲಿ ಹತ್ತಿಪ್ಪತ್ತು ಬಂದರೆ ಎಲ್ಲೋ ಸಡಿಲ ಇದೆ. ಸಿಸ್ಟಮ್‌ನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತಾ? ಮೂರು ಪಿನ್ನಿನ ಪ್ಲಗ್ ಇದ್ದೂ ಹಾಗಾದರೆ ಆ ಪಾಯಿಂಟ್‌ಗೆ ಅರ್ಥ್ ಬಂದಿರಲಿಕ್ಕಿಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಅರ್ಧ ವೋಲ್ಟೇಜ್, ಸುಮಾರು 115, ಆ ಮೈಯಲ್ಲಿ ತೇಲುತ್ತಿರುತ್ತದೆ.

ಒಮ್ಮೆ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಸಾಕೆಟ್ ಬಿಚ್ಚಿದೆ. ಹಸಿರು ತಂತಿ ಚೆಂದವಾಗಿ ಸುರುಳಿ ಸುತ್ತಿ ಡಬ್ಬದ ಮೂಲೆಯಲ್ಲಿ ಕೂತಿತ್ತು. ಯಾವುದಕ್ಕೂ ಜೋಡಿಸಿರಲಿಲ್ಲ. ಹನ್ನೊಂದು ವರ್ಷ ಆ ಮನೆಯವರು ಮೂರು ಪಿನ್ನಿನ ಪ್ಲಗ್ ಹಾಕಿ ನಿಶ್ಚಿಂತೆಯಿಂದ ಇದ್ದರು.

ಹೊರಗಿನ ಗುಂಡಿಯನ್ನೂ ನೋಡಿ. ಜಿಐ ಪೈಪು, ಇದ್ದಿಲು, ಉಪ್ಪು ಹಾಕಿ ಮಾಡಿದ ಹಳೇ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ದುರ್ಬಲ ಆಗುತ್ತದೆ. ಮಾರ್ಚ್‌ನಿಂದ ಮಳೆ ಬರುವವರೆಗೆ ಆಗಾಗ ಎರಡು ಬಿಂದಿಗೆ ನೀರು ಹಾಕಿ. ಕರಾವಳಿಯವರು ಕ್ಲ್ಯಾಂಪ್ ತುಕ್ಕು ಹಿಡಿದಿದೆಯಾ ನೋಡಿ. ಲಕ್ಷ ರೂಪಾಯಿಯ ಕಂಡೀಷನರ್ ಕೂಡ ಹಿಡಿದ ಏಟಿನ ಒಂದು ಪಾಲನ್ನು ಎಸೆಯುವುದು ಇದೇ ಗುಂಡಿಗೆ.

## ದಿನದಿನದ ತೊಂದರೆಗಳು

ನಮ್ದು ಹಳ್ಳಿ. ಪಂಪ್‌ಸೆಟ್ ಶುರುವಾದ್ರೆ 170ಕ್ಕೆ ಇಳಿಯುತ್ತೆ. ಯಾವ ಸ್ಟೆಬಿಲೈಜರ್ ತಗೊಳ್ಲಿ?

ಮೊದಲು ನಿಮ್ಮ ಆಂಪ್ ಹಿಂದೆ ಏನು ಬರೆದಿದೆ ನೋಡಿ. "100–240ವಿ" ಅಂತಿದ್ದರೆ ಒಳಗೆ ಎಸ್‌ಎಂಪಿಎಸ್ (ವೋಲ್ಟೇಜ್ ಏರಿಳಿದರೂ ತಾನೇ ಹೊಂದಿಕೊಳ್ಳುವ ಪವರ್ ಸಪ್ಲೈ) ಇದೆ. 170 ಬಂದರೂ ಅದಕ್ಕೆ ಏನೂ ಅನ್ನಿಸುವುದಿಲ್ಲ. ಆಕ್ಟಿವ್ ಸ್ಪೀಕರ್, ಕ್ಲಾಸ್ ಡಿ ಆಂಪ್, ಸ್ಟ್ರೀಮರ್‌ಗಳಲ್ಲಿ ಈಗ ಬಹಳಷ್ಟು ಈ ಜಾತಿಯವೇ. ಬರೀ "230ವಿ" ಅಂತಿದ್ದು, ಎತ್ತಿದರೆ ಅಕ್ಕಿ ಚೀಲದ ಹಾಗೆ ಭಾರ ಇದ್ದರೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ. ಅದಕ್ಕೆ ವೋಲ್ಟೇಜ್ ಇಳಿದಷ್ಟೂ ಶಕ್ತಿ ಕಮ್ಮಿ, ಜೋರಾಗಿ ಇಟ್ಟಾಗ ಬೇಗ ಒಡಕು ದನಿ ಬರುತ್ತದೆ.

ಇಂಥದ್ದಕ್ಕೆ ಸರ್ವೋ ಸ್ಟೆಬಿಲೈಜರ್ ಒಳ್ಳೆಯದು. ಒಳಗೆ ಒಂದು ಮೋಟಾರು ಕಾರ್ಬನ್ ಬ್ರಷ್ಷನ್ನು ಸುರುಳಿಯ ಮೇಲೆ ನಿಧಾನಕ್ಕೆ ತಳ್ಳುತ್ತಾ ವೋಲ್ಟೇಜನ್ನು 230ರ ಹತ್ತಿರ ನಿಲ್ಲಿಸುತ್ತದೆ. ಕಿವಿ ಕೊಟ್ಟರೆ ಗೊರ್ ಅಂತ ಸಣ್ಣಗೆ ತಿರುಗುವುದು ಕೇಳುತ್ತದೆ, ಹಾಗಾಗಿ ಕೇಳುವ ರೂಮಿನ ಹೊರಗೆ ಇಡಿ. ಫ್ರಿಜ್‌ಗೆ, ಟಿವಿಗೆ ಹಾಕುವ ರಿಲೇ ಸ್ಟೆಬಿಲೈಜರ್ ಟಕ್ ಟಕ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಬದಲಾಯಿಸುತ್ತದೆ, ಪ್ರತಿ ಟಕ್‌ಗೂ ಒಂದು ಸಣ್ಣ ಜರ್ಕ್. ಬೇರೆ ದಾರಿ ಇಲ್ಲದಿದ್ದರೆ ಅದೂ ನಡೆಯುತ್ತದೆ. ಸಂಜೆ ಏಳರ ಹೊತ್ತಿಗೆ ಆಲಾಪನೆ ಕೇಳುವವರಿಗೆ ಮಾತ್ರ ಕಿರಿಕಿರಿ.

ಡಬ್ಬದ ಮೇಲೆ ಬರೆದ ಇನ್‌ಪುಟ್ ರೇಂಜ್ ನಿಮ್ಮ ಪಟ್ಟಿಯ ಅತಿ ಕಡಿಮೆ ಅಂಕೆಗಿಂತಲೂ ಕೆಳಗೆ ಹೋಗಬೇಕು. ನಿಮಗೆ 170 ಬರುತ್ತಿದ್ದರೆ 150ರಿಂದ ಶುರುವಾಗುವುದನ್ನು ಕೇಳಿ.

ಬೀದಿಯಲ್ಲಿ ನ್ಯೂಟ್ರಲ್ ಹೋಗಿ ಎಲ್ಲರ ಮನೆ ಟಿವಿ ಸುಟ್ಟೋಯ್ತು. ಕಂಡೀಷನರ್ ಇದ್ದಿದ್ರೆ ಉಳೀತಿತ್ತಾ?

ಮಾಮೂಲಿ ಕಂಡೀಷನರ್ ಆಗಿದ್ದರೆ ಅದೂ ಸುಡುತ್ತಿತ್ತು. ನಮ್ಮ ಕರೆಂಟಿನ ದೊಡ್ಡ ಶತ್ರು ಇದೇ, ಹೊರದೇಶದ ಕ್ಯಾಟಲಾಗ್‌ಗಳಲ್ಲಿ ಇದರ ಮಾತೇ ಕಡಿಮೆ.

ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್) ಮೂರು ಫೇಸ್, ಒಂದು ನ್ಯೂಟ್ರಲ್ ಬರುತ್ತವೆ. ಫೇಸ್‌ನಿಂದ ನ್ಯೂಟ್ರಲ್‌ಗೆ 230, ಫೇಸ್‌ನಿಂದ ಫೇಸ್‌ಗೆ 400ರ ಮೇಲೆ. ನ್ಯೂಟ್ರಲ್ ತುಂಡಾದರೆ ನಿಮ್ಮ ಮನೆ ಮತ್ತು ಬೇರೆ ಫೇಸಿನ ಮನೆ ಎರಡೂ ಆ 400ರ ನಡುವೆ ಸಾಲಾಗಿ ನಿಂತ ಹಾಗಾಗುತ್ತದೆ. ಯಾರ ಮನೆಯಲ್ಲಿ ಗೀಸರ್, ಇಸ್ತ್ರಿಪೆಟ್ಟಿ ಓಡುತ್ತಿದೆಯೋ ಅಲ್ಲಿ ವೋಲ್ಟೇಜ್ ಇಳಿಯುತ್ತದೆ. ಯಾರು ಒಂದು ದೀಪ, ಒಂದು ಆಂಪ್ ಹಾಕಿಕೊಂಡು ಹಾಡು ಕೇಳುತ್ತಾ ಕೂತಿದ್ದಾರೋ ಅವರಿಗೆ ಏರುತ್ತದೆ.

ನಾನು ಇದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಮೇ ತಿಂಗಳ ಸಂಜೆ, ಗಾಳಿ ಮಳೆ. ಇದ್ದಕ್ಕಿದ್ದ ಹಾಗೆ ಬಲ್ಬು ಬೆಳ್ಳಗಾಯಿತು, ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗಿತು, ಟೀಪಾಯ್ ಕೆಳಗಿದ್ದ ಸ್ಪೈಕ್ ಗಾರ್ಡ್ ಪಟ್ ಅಂತ ಸಿಡಿದು ಸುಟ್ಟ ಮೀನಿನ ವಾಸನೆ ಬಂತು. ಮೇನ್ ಆಫ್ ಮಾಡುವಷ್ಟರಲ್ಲಿ ಸೆಟ್‌ಟಾಪ್ ಬಾಕ್ಸ್ ಹೋಗಿತ್ತು. ಎಂಒವಿ ಇರುವುದು ಸೆಕೆಂಡಿನ ಲಕ್ಷದ ಭಾಗದಲ್ಲಿ ಬಂದು ಹೋಗುವ ಏಟಿಗೆ. ನಿಂತು ಹೊಡೆಯುವ 350 ವೋಲ್ಟನ್ನು ಅದು ತಡೆಯುವುದಿಲ್ಲ, ಉರಿದುಹೋಗುತ್ತದೆ.

ಇದಕ್ಕೆ ಬೇಕಾದ್ದು ಹೈ ವೋಲ್ಟೇಜ್ ಕಟ್‌ಆಫ್. ಡಿಬಿಯಲ್ಲಿ (ಮನೆಯ ಮೇನ್ ಸ್ವಿಚ್ ಪೆಟ್ಟಿಗೆ) ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಪಕ್ಕ ಕೂರಿಸುವ ಓವರ್ ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಸಿಗುತ್ತದೆ. 265 ದಾಟಿದರೆ ಕಟ್, ಸರಿಯಾದ ಮೇಲೆ ಒಂದೆರಡು ನಿಮಿಷ ಕಾದು ತಾನೇ ಆನ್. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಕೇಳಿ. ಕಂಡೀಷನರೇ ತಗೊಳ್ಳುವುದಾದರೆ ಅದರಲ್ಲಿ ಈ ಕಟ್‌ಆಫ್ ಇದೆಯಾ ಅಂತ ಮೊದಲ ಪ್ರಶ್ನೆಯಾಗಿ ಕೇಳಿ. ಬಿಲ್ಲೆ 275ರ ಬದಲು 320ರದ್ದಾದರೆ (511 ಅಂತ ಬರೆದಿರುತ್ತದೆ) ನಮ್ಮ ರಾತ್ರಿಯ ವೋಲ್ಟೇಜಿಗೆ ಇನ್ನೂ ವಾಸಿ.

ಮನೇಲಿ ಇನ್ವರ್ಟರ್ ಇದೆ. ಆ ಲೈನಿಗೇ ಆಂಪ್ ಹಾಕಬಹುದಾ?

ಪ್ಯೂರ್ ಸೈನ್‌ವೇವ್ ಆದರೆ ಹಾಕಿ. ಹಳೇ ಸ್ಕ್ವೇರ್‌ವೇವ್ ಆದರೆ ಬೇಡ. ಅದರಲ್ಲಿ ಫ್ಯಾನು ಗುಂಯ್ ಅನ್ನುತ್ತದಲ್ಲ, ಆಂಪ್ ಟ್ರಾನ್ಸ್‌ಫಾರ್ಮರೂ ಹಾಗೇ ಅನ್ನುತ್ತದೆ, ಬಿಸಿಯೂ ಆಗುತ್ತದೆ. ಒಂದು ತಪ್ಪು ಕಲ್ಪನೆ ಮಾತ್ರ ಬೇಡ. ಕರೆಂಟ್ ಇರುವ ಹೊತ್ತಲ್ಲಿ ಮನೆ ಇನ್ವರ್ಟರ್ ಬೀದಿಯ ಕರೆಂಟನ್ನು ಹಾಗೇ ದಾಟಿಸುತ್ತದೆ, ಏನೂ ಸೋಸುವುದಿಲ್ಲ. ಯುಪಿಎಸ್ ಮೋಡ್‌ನಲ್ಲಿಟ್ಟರೆ ವೋಲ್ಟೇಜ್ ತೀರಾ ಇಳಿದಾಗ ಬ್ಯಾಟರಿಗೆ ಬದಲಾಗುತ್ತದೆ, ಅಷ್ಟು ಲಾಭ.

ಸ್ಪೀಕರ್‌ನಲ್ಲಿ ಗುಂಯ್ ಅಂತ ಹಮ್. ಕಂಡೀಷನರ್ ತಂದೆ, ಹೋಗ್ಲೇ ಇಲ್ಲ. ದುಡ್ಡು ನೀರಲ್ಲಿ ಹೋಮ.

ಬಹಳಷ್ಟು ಹಮ್ ಗೋಡೆಯಿಂದ ಬರುವುದೇ ಇಲ್ಲ. ಸಿಸ್ಟಮ್‌ನ ಎರಡು ಡಬ್ಬಗಳು ಎರಡು ಬೇರೆ ದಾರಿಯಲ್ಲಿ ಅರ್ಥ್‌ಗೆ ಸೇರಿ, ನಡುವಿನ ಸಿಗ್ನಲ್ ಕೇಬಲ್ ಜೊತೆ ಒಂದು ಉಂಗುರ ಆಗಿರುತ್ತದೆ. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ. ಪತ್ತೆ ಮಾಡಲು ದುಡ್ಡು ಬೇಡ, ತಾಳ್ಮೆ ಬೇಕು. ಆಂಪ್‌ಗೆ ಹೋಗುವ ಎಲ್ಲ ಸಿಗ್ನಲ್ ಕೇಬಲ್ ಕಿತ್ತು ಆನ್ ಮಾಡಿ. ಹಮ್ ಇನ್ನೂ ಇದ್ದರೆ ಆಂಪ್‌ನದೇ ಸಮಸ್ಯೆ, ಒಳಗಿನ ಕೆಪಾಸಿಟರ್ ಸೊರಗಿರಬಹುದು. ಹೋದರೆ ಒಂದೊಂದೇ ಕೇಬಲ್ ಹಾಕುತ್ತಾ ಬನ್ನಿ. ಯಾವುದು ಹಾಕಿದಾಗ ಗುಂಯ್ ಶುರುವಾಯಿತೋ ಅವನೇ ಕಳ್ಳ.

ನಾನು ಹಿಡಿದ ಕಳ್ಳರಲ್ಲಿ ಮೊದಲ ಸ್ಥಾನ ಸೆಟ್‌ಟಾಪ್ ಬಾಕ್ಸಿನ ಕೇಬಲ್‌ಗೆ, ಎರಡನೆಯದು ಚಾರ್ಜರ್ ಹಾಕಿದ ಲ್ಯಾಪ್‌ಟಾಪ್‌ಗೆ. ಟಿವಿ ಕೇಬಲ್‌ಗೆ ಗ್ಯಾಲ್ವನಿಕ್ ಐಸೊಲೇಟರ್ ಅಂತ ಬೆರಳುದ್ದದ ತುಂಡು ಸಿಗುತ್ತದೆ. ಲ್ಯಾಪ್‌ಟಾಪ್‌ನಿಂದ ಆಪ್ಟಿಕಲ್ ಅಥವಾ ಬ್ಲೂಟೂತ್‌ನಲ್ಲಿ ಕಳಿಸಿದರೆ ಮುಗಿಯಿತು. ಎಲ್ಲ ಡಬ್ಬಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಓಡಿಸಿ ನೋಡುವುದು ಎಲ್ಲಕ್ಕಿಂತ ಅಗ್ಗ.

ಮೂರನೇ ಪಿನ್ ಮುರಿದರೆ ಹಮ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ, ಹೌದು ಹೋಗುತ್ತದೆ. ಜೊತೆಗೆ ಮುಂದೊಂದು ದಿನ ಆಂಪ್ ಒಳಗೆ ಫೇಸ್ ತಂತಿ ಮೈಗೆ ತಾಗಿದಾಗ ಅದನ್ನು ಮುಟ್ಟಿದವರೂ ಹೋಗುತ್ತಾರೆ. ದಯವಿಟ್ಟು ಮಾಡಬೇಡಿ.

ಬೆಳಿಗ್ಗೆ ಅಮ್ಮ ಮಿಕ್ಸಿ ಹಾಕಿದ್ರೆ ಸುಪ್ರಭಾತದ ಮಧ್ಯೆ ಕೊರ್‌ರ್ ಅನ್ನುತ್ತೆ.

ಇದಕ್ಕೆ ಫಿಲ್ಟರ್ ಸರಿಯಾದ ಮದ್ದು. ಮಿಕ್ಸಿ ಮೋಟಾರಿನ ಬ್ರಷ್‌ನಲ್ಲಿ ಕಿಡಿ ಹಾರುತ್ತಿರುತ್ತದೆ, ಆ ಗಲಾಟೆ ಲೈನಿನ ಮೂಲಕವೂ ಬರುತ್ತದೆ, ಗಾಳಿಯಲ್ಲೂ ಬರುತ್ತದೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ದೀಪದ ಡಿಮ್ಮರ್, ಅಗ್ಗದ ಎಲ್‌ಇಡಿ ಬಲ್ಬುಗಳದ್ದೂ ಇದೇ ಜಾತಿ. ಮನೆಯಲ್ಲಿ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಕೈಲಿ ಹಿಡಿದು ಮನೆಯೆಲ್ಲ ಓಡಾಡಿ. ಯಾವ ಬಲ್ಬಿನ ಹತ್ತಿರ, ಯಾವ ಚಾರ್ಜರ್ ಹತ್ತಿರ ಅದು ಕಿರುಚುತ್ತದೋ ನೋಡಿ. ನಮ್ಮ ಮನೆಯಲ್ಲಿ ದೇವರ ಮನೆಯ ಸೀರಿಯಲ್ ಸೆಟ್ ಅಡಾಪ್ಟರ್ ಸಿಕ್ಕಿತು. ಅದನ್ನು ಬದಲಾಯಿಸಿದೆ, ಫಿಲ್ಟರ್ ಕೊಳ್ಳುವುದು ತಪ್ಪಿತು.

ಎಷ್ಟು ವಿಎದು ತಗೋಬೇಕು? ನಂದು 100 ವ್ಯಾಟ್ ಆಂಪ್.

ವಿಎ ಅಂದರೆ ವೋಲ್ಟ್ ಇಂಟು ಆಂಪಿಯರ್, ಡಬ್ಬ ಎಷ್ಟು ಹೊರಬಲ್ಲದು ಅನ್ನುವ ಅಳತೆ. 100 ವ್ಯಾಟ್ ಅನ್ನುವುದು ಒಂದು ಚಾನೆಲ್‌ಗೆ, ಸ್ಪೀಕರ್ ಕಡೆಯ ಲೆಕ್ಕ. ಗೋಡೆಯಿಂದ ಎಳೆಯುವುದು ಬೇರೆ. ಮನೆಯಲ್ಲಿ ಮಾಮೂಲಿ ದನಿಗೆ ಕೇಳುವಾಗ ಇಂಥ ಆಂಪ್ ಐವತ್ತು ಅರವತ್ತು ವ್ಯಾಟ್ ಎಳೆದರೆ ಹೆಚ್ಚು. ಆದರೆ ಮೃದಂಗದ ಒಂದು ಗುಂಕಾರಕ್ಕೆ, ತಮಟೆಯ ಒಂದು ಪೆಟ್ಟಿಗೆ ಕ್ಷಣಮಾತ್ರ ಹಲವು ಪಟ್ಟು ಕೇಳುತ್ತದೆ. ಆಂಪ್ ಹಿಂದೆ ಬರೆದಿರುವ ಅತಿ ಹೆಚ್ಚಿನ ವ್ಯಾಟ್‌ಗಳನ್ನು ಎಲ್ಲ ಡಬ್ಬಕ್ಕೂ ಕೂಡಿಸಿ, ಅದರ ಒಂದೂವರೆಯಿಂದ ಎರಡು ಪಟ್ಟು ವಿಎ ತಗೊಳ್ಳಿ. ಎರಡು ಚಾನೆಲ್ ಸಿಸ್ಟಮ್‌ಗೆ ಸಾಮಾನ್ಯವಾಗಿ 1 ಕೆವಿಎ (1000 ವಿಎ) ಧಾರಾಳ. ಹೋಮ್ ಥಿಯೇಟರ್, ದೊಡ್ಡ ಸಬ್‌ವೂಫರ್ ಇದ್ದರೆ 2 ಕೆವಿಎ. ಸ್ಟೆಬಿಲೈಜರ್ ಆದರೆ ಇನ್ನೂ ಸ್ವಲ್ಪ ಕೈ ಬಿಚ್ಚಿ, ಯಾಕಂದ್ರೆ ವೋಲ್ಟೇಜ್ ಇಳಿದಾಗ ಅದು ಅಷ್ಟೇ ಶಕ್ತಿಗೆ ಜಾಸ್ತಿ ಆಂಪಿಯರ್ ಎಳೆಯಬೇಕು, ಪೂರ್ತಿ ವಿಎ ಆಗ ಕೊಡಲಾರದು.

ಮಗ ಅಮೆರಿಕದಿಂದ ಒಳ್ಳೆ ಕಂಡೀಷನರ್ ಕಳಿಸ್ತೀನಿ ಅಂತಾನೆ. ತರಿಸ್ಲಾ?

ಅಲ್ಲಿಯದು 120 ವೋಲ್ಟಿಗೆ ಮಾಡಿದ್ದು. ಇಲ್ಲಿ ಹಾಕಿದ ಕೂಡಲೇ ಒಳಗಿನ ಎಂಒವಿಗಳು ಹೊಗೆಯಾಗುತ್ತವೆ, ಪಿನ್ ಬದಲಾಯಿಸುವ ಅಡಾಪ್ಟರ್ ವೋಲ್ಟೇಜ್ ಬದಲಾಯಿಸುವುದಿಲ್ಲ. ಅದೇ ಕಂಪನಿಯ 230 ವೋಲ್ಟ್ ಮಾಡೆಲ್ ಇದ್ದರೆ ಮಾತ್ರ ತರಿಸಿ. ಜಪಾನಿನ ಹಳೇ ಆಂಪ್‌ಗಳು ಇನ್ನೂ ನಾಜೂಕು, ಅವು 100 ವೋಲ್ಟಿನವು. ಅವಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ರೆಕಾರ್ಡ್ ಪ್ಲೇಯರ್ ಕಳಿಸಿದರೆ ಇನ್ನೊಂದು ಸಂಗತಿ. ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಹಳೇ ಎಸಿ ಸಿಂಕ್ರೊನಸ್ ಮೋಟಾರಿನ ಪ್ಲೇಯರ್ ಆದರೆ ವೋಲ್ಟೇಜ್ ಸರಿ ಮಾಡಿದರೂ ನಿಮಿಷಕ್ಕೆ 33⅓ ಸುತ್ತುವ ಬದಲು ಸುಮಾರು 27.8 ಸುತ್ತುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡಿದವರು ಮೂರು ಮನೆಗೆ ಇಳಿದು ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳುತ್ತದೆ. ಯಾವ ಫಿಲ್ಟರೂ ಇದನ್ನು ಸರಿ ಮಾಡದು. ಡಿಸಿ ಮೋಟಾರಿನ ಪ್ಲೇಯರ್‌ಗಳಿಗೆ ಈ ತೊಂದರೆ ಇಲ್ಲ.

## ಇನ್ನೂ ಒಳಗೆ ಇಳಿಯುವವರಿಗೆ

ಸ್ಪೀಕರ್ ಸುಮ್ನಿದೆ, ಆಂಪ್ ಡಬ್ಬವೇ ಗುಂಯ್‌ಗುಡುತ್ತೆ. ಅದೂ ಕೆಲವು ಹೊತ್ತು ಮಾತ್ರ.

ಅದು ಟ್ರಾನ್ಸ್‌ಫಾರ್ಮರ್ ನಡುಗುವ ಸದ್ದು. ಎಸಿ ಅಲೆಯ ಮೇಲರ್ಧ ಕೆಳಗರ್ಧ ಸಮ ಇರಬೇಕು. ಮನೆಯಲ್ಲೋ ಪಕ್ಕದ ಮನೆಯಲ್ಲೋ ಅರ್ಧ ಅಲೆಯನ್ನಷ್ಟೇ ಎಳೆಯುವ ಉಪಕರಣ ಓಡುತ್ತಿದ್ದರೆ (ಕೆಲವು ಹೇರ್ ಡ್ರೈಯರ್‌ಗಳ "ಲೋ" ಸೆಟ್ಟಿಂಗ್ ಹೀಗೆ) ಲೈನಿನಲ್ಲಿ ಅಷ್ಟಿಷ್ಟು ಡಿಸಿ ಸೇರಿಕೊಳ್ಳುತ್ತದೆ. ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್‌ಗೆ ಅರ್ಧ ವೋಲ್ಟ್ ಡಿಸಿ ಕೂಡ ಸಹಿಸಲು ಕಷ್ಟ. ಇದಕ್ಕೆ ಡಿಸಿ ಬ್ಲಾಕರ್ ಅಂತ ಬೇರೆ ಸರ್ಕ್ಯೂಟ್ ಇದೆ. ಕೆಲವು ದೊಡ್ಡ ಕೆಪಾಸಿಟರ್, ಕೆಲವು ಡಯೋಡ್ ಅಷ್ಟೇ. ಕಂಡೀಷನರ್ ಕೊಳ್ಳುವಾಗ ಅದು ಒಳಗಿದೆಯಾ ಕೇಳಿ, ಇಲ್ಲದಿದ್ದರೆ ಆ ಕಂಡೀಷನರ್‌ನಿಂದ ಈ ಗುಂಯ್ ಹೋಗುವುದಿಲ್ಲ.

ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಸಿದ್ರೆ ಎಲ್ಲಾ ಸರಿಹೋಗುತ್ತೆ ಅಂತಾರಲ್ಲ?

ನನಗೆ ಇಷ್ಟವಾದ ಪರಿಹಾರ ಇದು, ಆದರೂ ಎಲ್ಲಾ ಸರಿಹೋಗಲ್ಲ. 230 ಒಳಗೆ, 230 ಹೊರಗೆ, ನಡುವೆ ಬರೀ ಅಯಸ್ಕಾಂತದ ಸಂಬಂಧ. ಎರಡು ಸುರುಳಿಗಳ ಮಧ್ಯೆ ತಾಮ್ರದ ಶೀಲ್ಡ್ ಹಾಕಿಸಿ ಅದನ್ನು ಅರ್ಥ್ ಮಾಡಿದರೆ ಫೇಸ್, ನ್ಯೂಟ್ರಲ್ ಎರಡರಲ್ಲೂ ಒಟ್ಟಿಗೆ ಬರುವ ಗಲಾಟೆ ಅಲ್ಲೇ ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತಿ ಕೊಡುವವರು ನಮ್ಮ ಊರುಗಳಲ್ಲೇ ಇದ್ದಾರೆ, ಹೊರಗಿನ ಬ್ರ್ಯಾಂಡಿಗಿಂತ ಎಷ್ಟೋ ಅಗ್ಗ. ಲೆಕ್ಕಕ್ಕಿಂತ ಎರಡು ಪಟ್ಟು ದೊಡ್ಡದು ಸುತ್ತಿಸಿ, ಆಗ ತಣ್ಣಗೆ ಇರುತ್ತದೆ. ಭಾರ, ಸಣ್ಣ ಗುಂಯ್, ಆನ್ ಮಾಡಿದಾಗ ಎಳೆಯುವ ದೊಡ್ಡ ಕರೆಂಟ್ ಇವು ಅದರ ಅವಗುಣ. ಎಂಸಿಬಿ ಆನ್ ಮಾಡಿದ ಕೂಡಲೇ ಟಪ್ ಅಂತ ಬಿದ್ದರೆ ಬಿ ಕರ್ವ್ ಬದಲು ಇಂಥ ಒಂದು ಕ್ಷಣದ ಎಳೆತವನ್ನು ಹೆಚ್ಚು ತಡೆದುಕೊಳ್ಳುವ ಸಿ ಕರ್ವ್ ಎಂಸಿಬಿ ಹಾಕಿಸಿ.

ಅದರ ಹೊರಗಡೆಯ ಅರ್ಥಿಂಗ್ ಮಾತ್ರ ತಿಳಿದವರ ಕೈಲೇ ಮಾಡಿಸಿ. ಮೊದಲಿದ್ದ ಆರ್‌ಸಿಸಿಬಿಗೆ (ಕರೆಂಟ್ ಅರ್ಥ್‌ಗೆ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಟ್ರಾನ್ಸ್‌ಫಾರ್ಮರ್ ಆಚೆಯ ಲೀಕೇಜ್ ಕಾಣುವುದಿಲ್ಲ.

ಕಂಡೀಷನರ್ ಹಾಕಿದ ಮೇಲೆ ಆರ್‌ಸಿಸಿಬಿ ಆಗಾಗ ಬೀಳುತ್ತೆ. ಕಂಡೀಷನರ್ ಹಾಳಾಗಿದೆಯಾ?

ಇರಲಿಕ್ಕಿಲ್ಲ. ಪ್ರತಿ ಫಿಲ್ಟರ್‌ನಲ್ಲೂ ಲೈನಿನಿಂದ ಅರ್ಥ್‌ಗೆ ಸಣ್ಣ ಕೆಪಾಸಿಟರ್ ಇರುತ್ತವೆ, ಸ್ವಲ್ಪ ಕರೆಂಟ್ ಅವುಗಳ ಮೂಲಕ ಜಿನುಗುವುದು ಸಹಜ. ಮನೆಯ 30 ಮಿಲಿಆಂಪ್ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಾದರೂ ಬೀಳಬಹುದು. ಫ್ರಿಜ್, ವಾಷಿಂಗ್ ಮಷಿನ್, ಕಂಪ್ಯೂಟರ್, ಮೇಲೆ ಇದು, ಎಲ್ಲ ಜಿನುಗು ಸೇರಿ ಅಂಚಿಗೆ ಬಂದಿರುತ್ತದೆ. ಆಡಿಯೋ ಲೈನಿಗೆ ಬೇರೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು) ಹಾಕಿಸಿ. ಆರ್‌ಸಿಸಿಬಿಯನ್ನೇ ತೆಗೆದುಹಾಕುವ ಸಲಹೆ ಕೊಡುವ ಎಲೆಕ್ಟ್ರಿಷಿಯನ್‌ಗೆ ಕಾಫಿ ಕೊಟ್ಟು ಕಳಿಸಿ.

ನಮ್ದು ಮಲೆನಾಡು. ಸಿಡಿಲಿಗೆ ಏನು ಮಾಡೋದು?

ಗುಡುಗು ಸಿಡಿಲು ಹತ್ತಿರ ಬರುವ ಮುಂಚೆಯೇ ಪ್ಲಗ್ ಕೀಳಿ, ಬಂದ ಮೇಲೆ ತಂತಿ, ಪ್ಲಗ್ ಮುಟ್ಟಬೇಡಿ. ಸ್ವಿಚ್ ಆಫ್ ಮಾಡುವುದಲ್ಲ, ಕೀಳುವುದು. ಮೋಡದಿಂದ ನೆಲದವರೆಗೆ ಬಂದ ಸಿಡಿಲಿಗೆ ಸ್ವಿಚ್ ಒಳಗಿನ ಮೂರು ಮಿಲಿಮೀಟರ್ ಸಂದು ಯಾವ ಲೆಕ್ಕ? ಡಿಶ್ ಕೇಬಲ್, ಆಂಟೆನಾ, ತಾಮ್ರದ ನೆಟ್‌ವರ್ಕ್ ತಂತಿ ಎಲ್ಲವನ್ನೂ ಕೀಳಿ. ಇಂಟರ್ನೆಟ್ ಫೈಬರ್‌ನಲ್ಲಿ ಬರುತ್ತಿದ್ದರೆ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಅಡಾಪ್ಟರ್ ಕಿತ್ತರೆ ಸಾಕು.

ಮನೆಯಲ್ಲಿ ಇಲ್ಲದ ಹೊತ್ತಿಗೆ ಡಿಬಿಯಲ್ಲಿ ಟೈಪ್ 2 ಎಸ್‌ಪಿಡಿ (ಇಡೀ ಮನೆಗೆ ಆಗುವ ಸರ್ಜ್ ಪ್ರೊಟೆಕ್ಟರ್) ಹಾಕಿಸಿ. ದೊಡ್ಡ ಏಟು ಅಲ್ಲೇ ಅರ್ಥ್‌ಗೆ ಹೋಗುತ್ತದೆ, ಉಳಿದ ಚೂರುಪಾರನ್ನು ಸಿಸ್ಟಮ್ ಹತ್ತಿರದ ಸರ್ಜ್ ಪ್ರೊಟೆಕ್ಟರ್ ನುಂಗುತ್ತದೆ. ಎಸ್‌ಪಿಡಿಯಿಂದ ಅರ್ಥ್‌ಗೆ ಹೋಗುವ ತಂತಿ ಗಿಡ್ಡ ಇರಬೇಕು, ನೇರ ಇರಬೇಕು. ಅಂದಕ್ಕೆ ಅಂತ ಸುರುಳಿ ಸುತ್ತಿದರೆ ಅದರ ಅರ್ಧ ಉಪಯೋಗ ಹೋಯಿತು.

ರೀಜನರೇಟರ್ ದುಬಾರಿ. ಆನ್‌ಲೈನ್ ಯುಪಿಎಸ್ ಅದೇ ಕೆಲಸ ಮಾಡಲ್ವಾ?

ತತ್ವ ಒಂದೇ. ಎಸಿ ಒಳಗೆ ಡಿಸಿ ಆಗಿ ಮತ್ತೆ ಎಸಿ ಆಗಿ ಹೊರಬರುತ್ತದೆ, ವೋಲ್ಟೇಜ್ ಅಲುಗಾಡುವುದಿಲ್ಲ, ಕರೆಂಟ್ ಹೋದರೂ ಗೊತ್ತಾಗುವುದಿಲ್ಲ. ಆದರೆ ಯುಪಿಎಸ್ ಕಂಪ್ಯೂಟರ್ ರೂಮಿಗೆ ಮಾಡಿದ್ದು, ಅದರ ಫ್ಯಾನ್ ಸದ್ದಿಗೆ ವೀಣೆಯ ಮೀಂಡು ಮುಚ್ಚಿಹೋಗುತ್ತದೆ. ಪಕ್ಕದ ರೂಮಿನಲ್ಲಿಟ್ಟು ದಪ್ಪ ತಂತಿಯಲ್ಲಿ ಲೈನ್ ತಂದುಕೊಂಡವರು ಸುಖವಾಗಿದ್ದಾರೆ. ಆಂಪ್‌ಗಳು ಕರೆಂಟನ್ನು ಸಮನಾಗಿ ಎಳೆಯದೆ ಅಲೆಯ ತುದಿಯಲ್ಲಿ ಗಬಕ್ಕನೆ ಎಳೆಯುತ್ತವೆ, ಅದಕ್ಕೆ ಯುಪಿಎಸ್ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಿರಲಿ. ಬ್ಯಾಟರಿ ಖರ್ಚು ಕೆಲವು ವರ್ಷಕ್ಕೊಮ್ಮೆ ಬರುತ್ತದೆ, ಮರೆಯಬೇಡಿ.

ಮೂವತ್ತು ಸಾವಿರದ ಪವರ್ ಕಾರ್ಡ್ ಹಾಕ್ಲಾ, ಬೇರೆ ಲೈನ್ ಎಳೆಸ್ಲಾ?

ಲೈನ್ ಎಳೆಸಿ. ಡಿಬಿಯಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ, ಕೊನೆಯಲ್ಲಿ ಒಳ್ಳೆ 16 ಆಂಪ್ ಸಾಕೆಟ್. ಸಡಿಲವಾದ ಹಳೇ 6 ಆಂಪ್ ಸಾಕೆಟ್‌ನಲ್ಲಿ ಪಿನ್ ಅಲ್ಲಾಡಿ ಕಿಡಿ ಹಾರುವುದು ತಪ್ಪುತ್ತದೆ, ಅರ್ಥ್ ತಂತಿಯೂ ಹೊಸದು ಸಿಗುತ್ತದೆ. ಕಾರ್ಡ್ ಬಗ್ಗೆ ನನ್ನ ಹತ್ತಿರ ಬೇರೆ ಮಾತಿಲ್ಲ.

ಅಂಗಡಿಗೆ ಹೋದಾಗ ಏನೇನು ಕೇಳಬೇಕು?

ಹೈ ವೋಲ್ಟೇಜ್ ಕಟ್‌ಆಫ್ ಎಷ್ಟಕ್ಕೆ? ವೋಲ್ಟೇಜ್ ಸರಿಪಡಿಸುತ್ತದೋ ಬರೀ ತೋರಿಸುತ್ತದೋ? ಎಂಒವಿ ಸತ್ತರೆ ತಿಳಿಯುವುದು ಹೇಗೆ, ಇಲ್ಲೇ ಬದಲಾಯಿಸಿ ಕೊಡುತ್ತೀರಾ? ಸಾಕೆಟ್‌ಗಳು ನಮ್ಮ ದುಂಡು ಪಿನ್ನಿಗೆ ಬಿಗಿಯಾಗಿ ಕೂರುತ್ತವಾ? ಈ ಕೊನೆಯದನ್ನು ನಿಮ್ಮದೇ ಪ್ಲಗ್ ತಗೊಂಡು ಹೋಗಿ ಹಾಕಿ ನೋಡಿ. ಎಲ್ಲ ದೇಶದ ಪಿನ್ನಿಗೂ ಹೊಂದುವ ಯೂನಿವರ್ಸಲ್ ಸಾಕೆಟ್ ಯಾವ ದೇಶದ ಪಿನ್ನನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ.

ಬೀದಿಯಲ್ಲಿ ಮೂರು ಮನೆಯವರು ಸೋಲಾರ್ ಹಾಕಿಸಿದ್ರು. ಈಗ ಮಧ್ಯಾಹ್ನ ನನ್ನ ಸ್ಟೆಬಿಲೈಜರ್ ಟಕ್ ಟಕ್ ಅಂತಾನೇ ಇರುತ್ತೆ. ಸಂಬಂಧ ಇದೆಯಾ?

ಇರಬಹುದು. ಛಾವಣಿಯ ಸೋಲಾರ್ ಲೈನಿಗೆ ಕರೆಂಟ್ ತಳ್ಳಬೇಕಾದರೆ ಅಲ್ಲಿ ವೋಲ್ಟೇಜ್ ಸ್ವಲ್ಪ ಏರಲೇಬೇಕು. ಬಿಸಿಲಿರುವಾಗ, ಬೀದಿಯಲ್ಲಿ ಬಳಕೆ ಕಮ್ಮಿ ಇರುವಾಗ, ಟಿಸಿಯಿಂದ ದೂರದ ಮನೆಗಳಲ್ಲಿ ಇದು ಎದ್ದು ಕಾಣುತ್ತದೆ. ಮೋಡ ಬಂದರೆ ಇಳಿಯುತ್ತದೆ, ಸರಿದರೆ ಏರುತ್ತದೆ, ನಿಮ್ಮ ರಿಲೇ ಅದರ ಜೊತೆ ಕುಣಿಯುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಬರೆದ ಪಟ್ಟಿ ಇಟ್ಟುಕೊಂಡು 1912ಕ್ಕೆ (ಕರೆಂಟ್ ದೂರಿನ ಸಹಾಯವಾಣಿ) ಫೋನ್ ಮಾಡಿ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಟಿಸಿಯಲ್ಲಿ ಟ್ಯಾಪ್ (ಹೊರಬರುವ ವೋಲ್ಟೇಜ್ ಹೊಂದಿಸುವ ಏರ್ಪಾಡು) ಒಂದು ಮೆಟ್ಟಿಲು ಇಳಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಮೇಲೆ ಸಂಜೆಯ ವೋಲ್ಟೇಜನ್ನೂ ಒಂದು ಸಲ ನೋಡಿ, ಮಧ್ಯಾಹ್ನ ಇಳಿಸಿದ್ದು ಸಂಜೆಗೂ ಇಳಿದೇ ಇರುತ್ತದೆ.